ಖಾಲಿ ಪರದೆ ನೋಡುತ್ತ ಕೂರಬೇಡಿ: ಚೌಕಟ್ಟು ಹಿಡಿದು ವ್ಯವಹಾರದ ಬರಹವನ್ನು ಬೇಗ ಮುಗಿಸುವ ಕ್ರಮ

ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇ ಮಾಲೀಕರು, ಕಾಫಿಪುಡಿ ಅಂಗಡಿಯವರು, ನರ್ಸರಿ ನಡೆಸುವವರು ಪದೇ ಪದೇ ಕೇಳುವುದು ಒಂದೇ: "ಎಐಡಿಎ, ಪಿಎಎಸ್ ಎಲ್ಲ ವಿಡಿಯೋದಲ್ಲಿ ನೋಡಿದ್ದೀವಿ. ಆದರೂ ಒಂದು ಪೋಸ್ಟ್ ಬರೆಯೋಕೆ ಮಧ್ಯಾಹ್ನ ಪೂರ್ತಿ ಹೋಗುತ್ತೆ. ಬರೆದ ಮೇಲೆ ಯಾರೂ ಫೋನ್ ಮಾಡಲ್ಲ." (ಎಐಡಿಎ, ಪಿಎಎಸ್ ಎಂದರೆ ಮಾರಾಟದ ಬರಹಕ್ಕೆ ಬಳಸುವ ಸಿದ್ಧ ಚೌಕಟ್ಟುಗಳು, ವಿವರ ಹಂತ 3ರಲ್ಲಿದೆ.)

ಅವರು ಬರೆದದ್ದನ್ನು ತೆರೆದು ನೋಡಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಸಾಲು: "ಪ್ರಕೃತಿಯ ಮಡಿಲಲ್ಲಿ, ಹಸಿರು ಸಿರಿಯ ನಡುವೆ, ಮರೆಯಲಾಗದ ಅನುಭವ." ಹೋಮ್‌ಸ್ಟೇ ಹೆಸರು ಅಳಿಸಿ ಪಕ್ಕದ ತೋಟದವರ ಹೆಸರು ಹಾಕಿದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಇಲ್ಲಿ ಚೌಕಟ್ಟಿನ ತಪ್ಪೇನಿಲ್ಲ. ಅದನ್ನು ಮೊದಲು ತೆಗೆದುಕೊಂಡು, ಒಳಗೆ ಹಾಕಲು ಏನೂ ಇಲ್ಲದೆ ಕೂತದ್ದು ತಪ್ಪು. ಹಿಟ್ಟು ರುಬ್ಬದೆ ಕಡುಬಿನ ಪಾತ್ರೆಗೆ ಹಬೆ ಕೊಟ್ಟ ಹಾಗೆ. ಕೆಳಗಿನ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ. ಸಮಯ ಉಳಿಯುವುದು ಕ್ರಮದಿಂದಲೇ.

## ಕೂರುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಫೋನಿನಲ್ಲಿ ಯೂನಿಕೋಡ್ (ಯಾವ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರದ) ಕನ್ನಡ ಕೀಬೋರ್ಡ್, ಟಿಪ್ಪಣಿ ಇಡಲು ಯಾವುದಾದರೂ ಒಂದು ಆ್ಯಪ್, ಮತ್ತು ನಿಮ್ಮ ಹಳೆಯ ವಾಟ್ಸ್‌ಆ್ಯಪ್ ಸಂಭಾಷಣೆಗಳು. ಇಷ್ಟು ಸಾಕು. ದುಡ್ಡು ಕೊಟ್ಟು ಟೆಂಪ್ಲೇಟ್ ಪ್ಯಾಕ್ ಕೊಳ್ಳುವ ಅಗತ್ಯ ಇಲ್ಲ.

ಬೆರಳಲ್ಲಿ ಟೈಪ್ ಮಾಡುವುದು ನಿಧಾನ ಅನ್ನಿಸುವವರು ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನ ಧ್ವನಿ ಟೈಪಿಂಗ್ ಬಳಸಿ. ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಬರುತ್ತದೆ. "ಇಂಬಳ" (ಜಿಗಣೆ), "ಪಲ್ಪರ್" (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ತರಹದ ಪದಗಳಲ್ಲಿ ಎಡವುತ್ತದೆ, ಅದನ್ನು ಆಮೇಲೆ ಸರಿಮಾಡಿಕೊಳ್ಳಬಹುದು.

ಕಂಪ್ಯೂಟರ್‌ನಲ್ಲಿ ಹಳೆಯ "ನುಡಿ" ತಂತ್ರಾಂಶದ ಅಕ್ಷರಶೈಲಿಯಲ್ಲಿ ಬರೆದು ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಕರಪತ್ರದ ಬರಹವನ್ನು ಆನ್‌ಲೈನ್‌ಗೆ ಹಾಕುವವರಿಗೆ ಬರುವ ಮೊದಲ ತಲೆನೋವು ಇದೇ. ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ ಎಂದು ಅಂಗಡಿಯವರಿಗೇ ಹೇಳಿ. ಪರಿವರ್ತನೆಯಲ್ಲಿ ಒತ್ತಕ್ಷರ ಅಲ್ಲಲ್ಲಿ ಕೆಡಬಹುದು, ಒಮ್ಮೆ ಓದಿ ನೋಡಿ.

## ಹಂತ 1: ಸರಕು ಒಟ್ಟುಮಾಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ವಾಟ್ಸ್‌ಆ್ಯಪ್ ತೆರೆದು ಗಿರಾಕಿಗಳು ನಿಮಗೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ನೋಟ್‌ಬುಕ್‌ಗೆ ಇಳಿಸಿ, ತಿದ್ದಬೇಡಿ. "ಸಣ್ಣ ಕಾರು ಬರುತ್ತಾ?" "ನೆಟ್‌ವರ್ಕ್ ಸಿಗುತ್ತಾ, ವರ್ಕ್ ಫ್ರಮ್ ಹೋಮ್ ಇದೆ." "ಅಮ್ಮಂಗೆ ಮಂಡಿನೋವು, ಮೆಟ್ಟಿಲು ಇದೆಯಾ?" "ಚಿಕೋರಿ ಎಷ್ಟು ಹಾಕ್ತೀರ?" ಒಂದು ಪುಟ ತುಂಬುವಷ್ಟು ಸಿಗುತ್ತವೆ. ಒಂದೇ ಪ್ರಶ್ನೆ ಮೂರ್ನಾಲ್ಕು ಸಲ ಬಂದಿದ್ದರೆ ಪಕ್ಕದಲ್ಲಿ ಗೆರೆ ಎಳೆಯಿರಿ.

ಆಮೇಲೆ ಇನ್ನೊಂದು ಪುಟವನ್ನು ಮೂರು ಭಾಗ ಮಾಡಿ.

ಮೊದಲ ಭಾಗಕ್ಕೆ ಸಂಗತಿ. ಅಳೆಯಬಹುದಾದ, ಎಣಿಸಬಹುದಾದ, ತೋರಿಸಬಹುದಾದ ವಿಷಯ ಮಾತ್ರ: ಎಷ್ಟು ಕೋಣೆ, ಮುಖ್ಯರಸ್ತೆಯಿಂದ ಎಷ್ಟು ದೂರ, ಪುಡಿ ಹುರಿಯುವುದು ಯಾವ ವಾರ, ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು. "ಉತ್ತಮ ಗುಣಮಟ್ಟ" ಇಲ್ಲಿಗೆ ಬರುವುದಿಲ್ಲ.

ಎರಡನೆಯದು ಸಾಕ್ಷಿ: ಫೋಟೋ, ಗಿರಾಕಿ ಬರೆದ ಒಂದು ಸಾಲು (ಕೇಳಿಯೇ ಬಳಸಿ), ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಯ ಸಂಖ್ಯೆ.

ಮೂರನೆಯದು ಅನುಮಾನ. ನಿಮ್ಮಲ್ಲಿಗೆ ಬರಲು, ನಿಮ್ಮದನ್ನು ಕೊಳ್ಳಲು ಜನ ಹಿಂಜರಿಯುವ ಕಾರಣಗಳು. ಇದನ್ನು ಬರೆಯಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ, ಆದರೆ ಬರಹದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಇದೇ. ಮಣ್ಣುರಸ್ತೆ, ಇಂಬಳ, ಮಳೆಗಾಲದಲ್ಲಿ ಕೈಕೊಡುವ ಕರೆಂಟು, ಎರಡು ದಿನ ಬಿಡದ ಮಂಜು ಎಲ್ಲವನ್ನೂ ಬರೆಯಿರಿ.

ಮೂರೂ ಭಾಗ ತುಂಬದೆ ಮುಂದಿನ ಹಂತಕ್ಕೆ ಹೋಗಬೇಡಿ. ಸಂಗತಿಯ ಭಾಗದಲ್ಲಿ ಎಂಟು–ಹತ್ತು ಸಾಲೂ ಇಲ್ಲದಿದ್ದರೆ ಬರೆಯುವ ಸಮಯ ಇನ್ನೂ ಬಂದಿಲ್ಲ ಎಂದು ತಿಳಿಯಿರಿ. ಎದ್ದುಹೋಗಿ ತೋಟದ ರೈಟ್ರನ್ನೋ (ಲೆಕ್ಕ ಬರೆಯುವವರು) ಅಡುಗೆಮನೆಯವರನ್ನೋ ಕೇಳಿ ಬನ್ನಿ. ಮಾಲೀಕರಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

## ಹಂತ 2: ಒಬ್ಬ ಓದುಗ, ಒಂದು ಕೆಲಸ

ಪುಟದ ತಲೆಯಲ್ಲಿ ಒಂದೇ ವಾಕ್ಯ ಬರೆಯಿರಿ: "ಇದನ್ನು ಓದುವವರು ಇಂಥವರು, ಓದಿದ ಮೇಲೆ ಅವರು ಮಾಡಬೇಕಾದ್ದು ಇಷ್ಟು." ಉದಾಹರಣೆಗೆ: "ಬೆಂಗಳೂರಿನಿಂದ ಮಕ್ಕಳ ಜೊತೆ ಬರುವ ದಂಪತಿ, ಈ ವಾರಾಂತ್ಯಕ್ಕೆ ಕೋಣೆ ಇದೆಯಾ ಎಂದು ವಾಟ್ಸ್‌ಆ್ಯಪ್ ಮಾಡಬೇಕು."

ಬುಕ್ ಮಾಡಿ, ಪೇಜ್ ಫಾಲೋ ಮಾಡಿ, ರೀಲ್ ಶೇರ್ ಮಾಡಿ, ಕಾಳುಮೆಣಸೂ ಸಿಗುತ್ತದೆ ಎಂದು ನಾಲ್ಕು ಕೆಲಸ ಹೇಳಿದರೆ ಓದುಗರು ಒಂದನ್ನೂ ಮಾಡುವುದಿಲ್ಲ. ಮೆಣಸಿಗೆ ಬೇರೆ ಪೋಸ್ಟ್ ಬರೆಯಿರಿ.

## ಹಂತ 3: ಓದುಗರು ಎಲ್ಲಿದ್ದಾರೆ ನೋಡಿ ಚೌಕಟ್ಟು ಆರಿಸಿ

ಹತ್ತಾರು ಚೌಕಟ್ಟುಗಳ ಪಟ್ಟಿ ಸಿಗುತ್ತದೆ. ಸಣ್ಣ ವ್ಯವಹಾರಕ್ಕೆ ನಾಲ್ಕು ಸಾಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ನಾಲ್ಕನೆಯದನ್ನು ಯಾರೂ ಬಳಸುವುದಿಲ್ಲ, ಆದರೆ ಮಲೆನಾಡಿನಲ್ಲಿ ಅದರ ಅಗತ್ಯವೇ ಹೆಚ್ಚು.

ಎಐಡಿಎ: ಗಮನ, ಆಸಕ್ತಿ, ಆಸೆ, ಕ್ರಮ (ಓದಿದವರು ಮಾಡಬೇಕಾದ ಕೆಲಸ). ನಿಮ್ಮ ಹೆಸರೇ ಕೇಳದವರಿಗೆ ಇದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಬೆರಳು ಸರಿಸುತ್ತ ಹೋಗುವವರನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಒಳಗೆ ಕರೆಯಬೇಕು. ಈಗಾಗಲೇ ಎರಡು ಸಲ ಬಂದುಹೋದ ಅತಿಥಿಗೆ ಇದರಲ್ಲಿ ಬರೆದರೆ ಅಪರಿಚಿತರಿಗೆ ಬರೆದಂತೆ ಕಾಣುತ್ತದೆ.

ಪಿಎಎಸ್: ಸಮಸ್ಯೆ, ಅದರ ಪರಿಣಾಮ, ಪರಿಹಾರ. ತೊಂದರೆ ಏನೆಂದು ಗಿರಾಕಿಗೆ ಗೊತ್ತಿದ್ದಾಗ. ಕಾಫಿಪುಡಿ ಮಾರುವವರಿಗೆ ಬಹಳ ಹೊಂದುತ್ತದೆ. ಸಮಸ್ಯೆ: ಫಿಲ್ಟರ್‌ನಲ್ಲಿ ಡಿಕಾಕ್ಷನ್ ನೀರುನೀರಾಗಿ ಬರುತ್ತಿದೆ. ಪರಿಣಾಮ: ಪುಡಿ ಹೆಚ್ಚು ಹಾಕುತ್ತೀರಿ, ತಿಂಗಳ ಪೊಟ್ಟಣ ಮೂರೇ ವಾರಕ್ಕೆ ಮುಗಿಯುತ್ತದೆ. ಪರಿಹಾರ: ಬೀಸಿದ ಪುಡಿ ದಪ್ಪ ಇದ್ದರೆ ನೀರು ಬೇಗ ಇಳಿದುಹೋಗುತ್ತದೆ, ತೀರಾ ನಯವಾದರೆ ತೂತು ಕಟ್ಟಿಕೊಳ್ಳುತ್ತದೆ, ನಿಮ್ಮ ಫಿಲ್ಟರ್‌ಗೆ ಹೊಂದುವ ಹದಕ್ಕೆ ಬೀಸಿಕೊಡುತ್ತೇವೆ.

ನಡುವಿನ ಭಾಗದಲ್ಲಿ ಸಮಸ್ಯೆಯನ್ನು ಕೆದಕಿ ಕೆದಕಿ ದೊಡ್ಡದು ಮಾಡಿ ಎಂದು ವಿಡಿಯೋಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಕಡೆ ಅದು ನಡೆಯುವುದಿಲ್ಲ. "ಕೆಟ್ಟ ಕಾಫಿಯಿಂದ ನಿಮ್ಮ ಬೆಳಗು ಹಾಳಾಗುತ್ತಿದೆಯೇ?" ಎಂದು ಬರೆದರೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನೀವು ನಡೆದುಹೋಗುವಾಗ ನಾಲ್ಕು ಜನ ನಗುತ್ತಾರೆ. ಪರಿಣಾಮವನ್ನು ದುಡ್ಡು, ಸಮಯ, ಶ್ರಮದ ಲೆಕ್ಕದಲ್ಲಿ ಹೇಳಿ. ಹೆದರಿಸುವುದು ಬೇಡ.

ಎಫ್‌ಎಬಿ: ಗುಣ, ಕೆಲಸ, ಲಾಭ. ಹೋಲಿಸಿ ನೋಡುವವರಿಗೆ. ಕ್ಯಾಟಲಾಗ್, ಪೊಟ್ಟಣದ ಹಿಂಬದಿ, ಆನ್‌ಲೈನ್ ಅಂಗಡಿಯ ವಿವರಣೆ. ಗುಣ: ಕಾಫಿ 80, ಚಿಕೋರಿ 20. ಕೆಲಸ: ಚಿಕೋರಿ ಡಿಕಾಕ್ಷನ್‌ಗೆ ಗಟ್ಟಿತನ ಮತ್ತು ಗಾಢ ಬಣ್ಣ ಕೊಡುತ್ತದೆ. ಲಾಭ: ಹಾಲು ಹೆಚ್ಚಾದರೂ ಕಾಫಿ ಸಪ್ಪೆಯಾಗುವುದಿಲ್ಲ. ಬಹಳ ಜನ ಗುಣಕ್ಕೇ ನಿಂತುಬಿಡುತ್ತಾರೆ. ಪ್ರತಿ ಗುಣದ ಮುಂದೆ "ಅದರಿಂದ ನನಗೇನು?" ಎಂದು ಗಿರಾಕಿ ಕೇಳಿದರು ಎಂದುಕೊಂಡು ಉತ್ತರ ಬರೆಯಿರಿ. ಉತ್ತರ ಹೊಳೆಯದಿದ್ದರೆ ಆ ಗುಣವನ್ನೇ ತೆಗೆದುಹಾಕಿ.

ತಲೆಕೆಳಗಾದ ಪಿರಮಿಡ್. ಮುಖ್ಯ ವಿಷಯ ಮೊದಲ ಸಾಲಿನಲ್ಲಿ, ಕಡಿಮೆ ಮುಖ್ಯವಾದದ್ದು ಕೆಳಗೆ. ಪತ್ರಿಕೆಯ ಸುದ್ದಿ ಬರೆಯುವ ರೀತಿ ಇದು. ಏನನ್ನೂ ಮಾರದೆ ತಿಳಿಸುವುದಷ್ಟೇ ಇದ್ದಾಗ ಬಳಸಿ: ದರ ಬದಲಾವಣೆ, ಅಂಗಡಿ ರಜೆ, ದಾರಿಯ ಮಾಹಿತಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಂಚಾರಕ್ಕೆ ತಡೆ ಬಿದ್ದರೆ ಮಂಗಳೂರಿನಿಂದ ಹೊರಟ ಅತಿಥಿಗೆ ಬೇಕಾದದ್ದು ಒಂದೇ ಸಾಲು. "ಮುಂಗಾರಿನ ಸೊಬಗು" ಎಂದು ಶುರುಮಾಡಿ ಐದನೇ ಸಾಲಿನಲ್ಲಿ ಘಾಟಿ ಬಂದ್ ಎಂದರೆ ಅವರು ಅಷ್ಟರಲ್ಲಿ ಉಜಿರೆ ದಾಟಿರುತ್ತಾರೆ.

ಆರಿಸಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಎರಡು ಚೌಕಟ್ಟಿನ ನಡುವೆ ತೂಗಾಡುತ್ತಿದ್ದರೆ ಹಂತ 2ರ ವಾಕ್ಯ ಸರಿಯಾಗಿಲ್ಲ ಎಂದರ್ಥ. ಅಲ್ಲಿಗೆ ಹಿಂದಿರುಗಿ.

## ಹಂತ 4: ಕೊನೆಯಿಂದ ತುಂಬುತ್ತ ಬನ್ನಿ

ಮೊದಲ ಸಾಲೇ ಎಲ್ಲಕ್ಕಿಂತ ಕಷ್ಟ. ಅದನ್ನೇ ಮೊದಲು ಬರೆಯಲು ಹೋಗಿ ಜನ ಸಿಕ್ಕಿಬೀಳುತ್ತಾರೆ. ಚೌಕಟ್ಟಿನ ಖಾನೆಗಳನ್ನು ಓದುವ ಕ್ರಮದಲ್ಲೇ ತುಂಬಬೇಕು ಎಂಬ ನಿಯಮವೇನೂ ಇಲ್ಲ.

ಮೊದಲು ಕ್ರಮ: ಓದುಗರು ಏನು ಮಾಡಬೇಕು. ಅದು ಹಂತ 2ರಲ್ಲಿ ಸಿದ್ಧವಾಗಿದೆ. ಎರಡನೆಯದು ಅನುಮಾನದ ಭಾಗದಿಂದ ಆರಿಸಿದ ಒಂದೆರಡು ವಿಷಯ, ಪಕ್ಕದಲ್ಲೇ ಅದಕ್ಕೆ ನಿಮ್ಮ ಉತ್ತರ. ಮೂರನೆಯದು ಸಂಗತಿಯ ಭಾಗದಿಂದ ಕಣ್ಣಿಗೆ ಕಟ್ಟುವ ಎರಡು ಮೂರು ವಿವರ. ಆರಂಭದ ಸಾಲು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನ ಸಲ ಅದು ಗಿರಾಕಿ ಕೇಳಿದ ಪ್ರಶ್ನೆಯ ರೂಪದಲ್ಲಿ ನೋಟ್‌ಬುಕ್‌ನಲ್ಲೇ ಕೂತಿರುತ್ತದೆ.

ಆಲ್ದೂರು ಕಡೆಯ ಒಂದು ತೋಟದ ಮನೆ, ಜುಲೈ ತಿಂಗಳು ಎಂದಿಟ್ಟುಕೊಳ್ಳಿ. ಮೇಲಿನ ಕ್ರಮದಲ್ಲಿ ತುಂಬಿ, ಎಐಡಿಎ ಸಾಲಿಗೆ ಜೋಡಿಸಿದರೆ ಹೀಗೆ ಬರುತ್ತದೆ:

> ಜುಲೈ ಮಳೆಯಲ್ಲಿ ತೋಟದ ಮನೆಗೆ ಬರಬಹುದಾ? ಬರಬಹುದು. ಎರಡು ವಿಷಯ ತಿಳಿದುಕೊಂಡು ಬನ್ನಿ.
>
> ಕೊನೆಯ 2 ಕಿ.ಮೀ. ಮಣ್ಣುರಸ್ತೆ. ಸಣ್ಣ ಕಾರನ್ನು ಮುಖ್ಯರಸ್ತೆಯ ಗೇಟಿನ ಒಳಗೆ ನಿಲ್ಲಿಸಿ, ನಮ್ಮ ಜೀಪು ಬರುತ್ತದೆ. ತೋಟದಲ್ಲಿ ಇಂಬಳ ಇರುತ್ತವೆ. ಮಂಡಿವರೆಗಿನ ಕಾಲುಚೀಲ ಮನೆಯಲ್ಲೇ ಕೊಡುತ್ತೇವೆ.
>
> ಬೆಳಿಗ್ಗೆ ಸೌದೆ ಒಲೆಯ ಹಂಡೆಯಲ್ಲಿ ಬಿಸಿನೀರು, ತಿಂಡಿಗೆ ಪತ್ರೊಡೆ ಇಲ್ಲವೇ ಅಕ್ಕಿರೊಟ್ಟಿ. ಮಳೆ ಬಿಡದಿದ್ದರೆ ಜಗಲಿಯಲ್ಲಿ ಚನ್ನೆಮಣೆ ಇದೆ.
>
> ಈ ಶನಿವಾರಕ್ಕೆ ಎರಡು ಕೋಣೆ ಖಾಲಿ. ಎಷ್ಟು ಜನ, ಯಾವ ಕಾರು ಎಂದು ವಾಟ್ಸ್‌ಆ್ಯಪ್ ಮಾಡಿ.

ಹಸಿರು ಸಿರಿ ಎಲ್ಲೂ ಇಲ್ಲ, ಗಮನಿಸಿ. ಮಣ್ಣುರಸ್ತೆ, ಇಂಬಳ ಇವೇ ಆಸಕ್ತಿಯ ಖಾನೆ ತುಂಬಿವೆ. ಮುಚ್ಚಿಡಬೇಕೆಂದುಕೊಂಡದ್ದನ್ನು ಮುಂದೆ ತಂದಾಗ ಉಳಿದ ಮಾತಿಗೆ ನಂಬಿಕೆ ಬರುತ್ತದೆ. ಕೊನೆಯ ಸಾಲು ಎರಡೇ ವಿಷಯ ಕೇಳುತ್ತದೆ, ಅದೂ ನಿಮ್ಮ ಜೀಪಿನ ಲೆಕ್ಕಕ್ಕೆ ಬೇಕಾದದ್ದು.

## ಹಂತ 5: ಒಂದೇ ಉಸಿರಿಗೆ ಬರೆದು, ಆಮೇಲೆ ಕತ್ತರಿಸಿ

ಖಾನೆ ತುಂಬುವಾಗ ತಿದ್ದಬೇಡಿ. ಕಾಗುಣಿತ ತಪ್ಪಿದ್ದರೂ ಇರಲಿ, ವಾಕ್ಯ ಕುಂಟಿದರೂ ಇರಲಿ. ಬರೆಯುವುದು, ತಿದ್ದುವುದು ಒಟ್ಟೊಟ್ಟಿಗೆ ನಡೆದರೆ ಒಂದೇ ಸಾಲನ್ನು ಎಂಟು ಸಲ ಅಳಿಸುತ್ತೀರಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ. ಗೊತ್ತಿಲ್ಲದ ವಿವರ ಬಂದರೆ ಅಲ್ಲಿ ಮೂರು ಚುಕ್ಕಿ ಹಾಕಿ ಮುಂದಕ್ಕೆ ಹೋಗಿ.

ತಿದ್ದುವಾಗ ಗಟ್ಟಿಯಾಗಿ ಓದಿ. ಮನೆಗೆ ಬಂದವರಿಗೆ ನೀವು ಹೇಗೆ ಹೇಳುತ್ತಿದ್ದಿರೋ ಹಾಗೆ ಕೇಳಿಸದಿದ್ದರೆ ಆ ಸಾಲನ್ನು ಬದಲಿಸಿ. "ಅತ್ಯಂತ", "ಅದ್ಭುತ", "ವಿಶ್ವದರ್ಜೆಯ", "ಒಂದು ವಿಶಿಷ್ಟ" ಇವುಗಳಿಗೆ ಗೆರೆ ಎಳೆದು, ಆ ಜಾಗಕ್ಕೆ ಸಂಗತಿಯ ಭಾಗದಿಂದ ಏನಾದರೂ ಸಿಗುತ್ತದಾ ನೋಡಿ.

ಚಾಟ್‌ಜಿಪಿಟಿಗೆ ಕೊಟ್ಟರೆ ಆಗದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೊಡಿ, ಆದರೆ "ಹೋಮ್‌ಸ್ಟೇಗೆ ಎಐಡಿಎ ಪೋಸ್ಟ್ ಬರೆ" ಎಂದರೆ ಪ್ರಕೃತಿಯ ಮಡಿಲೇ ತಿರುಗಿ ಬರುತ್ತದೆ. ಹಂತ 1ರ ಮೂರು ಭಾಗ, ಹಂತ 2ರ ವಾಕ್ಯ ಪೂರ್ತಿ ಕೊಟ್ಟು, ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ ಎಂದು ಹೇಳಿ. ಬಂದದ್ದರಲ್ಲಿ ಇಂಗ್ಲಿಷಿನ ವಾಸನೆ ಹೊಡೆಯುವ ವಾಕ್ಯಗಳನ್ನು ನಿಮ್ಮ ಮಾತಿಗೆ ತಿರುಗಿಸಿಕೊಳ್ಳಿ. ದೂರ, ದರ, ಸಮಯ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿ. ಇಲ್ಲದ ಜಲಪಾತವನ್ನು ಎರಡು ಕಿಲೋಮೀಟರ್ ದೂರಕ್ಕೆ ತಂದಿಡುವ ಅಭ್ಯಾಸ ಅದಕ್ಕಿದೆ.

## ಹಂತ 6: ಹಾಕುವ ಜಾಗಕ್ಕೆ ತಕ್ಕ ಅಳತೆ

ಒಂದೇ ಬರಹವನ್ನು ಎಲ್ಲ ಕಡೆ ಅಂಟಿಸಿದರೆ ಎಲ್ಲೋ ಒಂದು ಕಡೆ ಕತ್ತರಿಸಿಹೋಗುತ್ತದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಮೊದಲೆರಡು ಸಾಲಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ. ಹಾಗಾಗಿ ಗಮನದ ಖಾನೆ ಅಷ್ಟರೊಳಗೆ ಮುಗಿಯಬೇಕು. ಹಬ್ಬದ ಶುಭಾಶಯ ಹೇಳಿ ಆಮೇಲೆ ವಿಷಯಕ್ಕೆ ಬರುವವರು ಆ ಎರಡು ಸಾಲನ್ನು ಶುಭಾಶಯಕ್ಕೇ ಖರ್ಚು ಮಾಡುತ್ತಾರೆ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ವಿವರಣೆಗೆ 750 ಅಕ್ಷರದ ಮಿತಿ ಇದೆ. ಅಲ್ಲಿಗೆ ಎಫ್‌ಎಬಿ ಹೊಂದುತ್ತದೆ. ದರ, ಆಫರ್ ಅಲ್ಲಿ ಬೇಡ.

ಎಸ್‌ಎಂಎಸ್ ವಿಷಯದಲ್ಲಿ ಜಾಸ್ತಿ ಜನ ಕೈಸುಟ್ಟುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ: ಗುಣಿತದ ಚಿಹ್ನೆ, ಒತ್ತು ಎಲ್ಲಕ್ಕೂ ಬೇರೆ ಬೇರೆ ಎಣಿಕೆ. "ಚಿಕ್ಕಮಗಳೂರು" ಓದಲು 6 ಅಕ್ಷರ, ಲೆಕ್ಕಕ್ಕೆ 11. ಎಪ್ಪತ್ತು ದಾಟಿದರೆ ಎರಡು ಸಂದೇಶದ ದುಡ್ಡು ಬೀಳುತ್ತದೆ. ಜೊತೆಗೆ ವ್ಯವಹಾರದ ಎಸ್‌ಎಂಎಸ್ ಒಟ್ಟಾಗಿ ಕಳಿಸಲು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಸಂದೇಶ ನೋಂದಣಿಯ ಡಿಎಲ್‌ಟಿ ವೇದಿಕೆಯಲ್ಲಿ ಟೆಂಪ್ಲೇಟ್ ಮೊದಲೇ ನೋಂದಾಯಿಸಬೇಕು. ಪ್ರತಿ ವಾರ ಮಾತು ಬದಲಿಸುವವರಿಗೆ ಇದು ಒಗ್ಗುವುದಿಲ್ಲ. ಹಳೆಯ ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಸಾಕು.

## ಹಂತ 7: ಅಚ್ಚು ಉಳಿಸಿಕೊಳ್ಳಿ

ನಿಜವಾದ ವೇಗ ಬರುವುದು ಎರಡನೇ ಸಲದಿಂದ. ಚೆನ್ನಾಗಿ ಕೆಲಸ ಮಾಡಿದ ಬರಹದಲ್ಲಿ ಬದಲಾಗುವ ಪದಗಳನ್ನು ತೆಗೆದು ಆ ಜಾಗಕ್ಕೆ ಖಾನೆಯ ಹೆಸರು ಹಾಕಿ: ತಿಂಗಳು, ಪ್ರಶ್ನೆ, ಅನುಮಾನ, ಉತ್ತರ, ಖಾಲಿ ಇರುವ ಕೋಣೆ. ಟಿಪ್ಪಣಿ ಆ್ಯಪ್‌ನಲ್ಲಿ "ಮಳೆಗಾಲ", "ಹೂಮಳೆ", "ಕೊಯ್ಲು" ಎಂದು ಕಾಲಕ್ಕೊಂದರಂತೆ ಇಟ್ಟುಕೊಳ್ಳಿ. ಮಾರ್ಚ್–ಏಪ್ರಿಲ್‌ನಲ್ಲಿ ತೋಟ ಬೆಳ್ಳಗೆ ಅರಳಿದಾಗ ಬರುವ ಪ್ರಶ್ನೆಗಳು ಬೇರೆ, ಡಿಸೆಂಬರ್‌ನಲ್ಲಿ ಹಣ್ಣು ಬಿಡಿಸುವಾಗ ಬರುವವು ಬೇರೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತ್ವರಿತ ಉತ್ತರ ಎಂಬ ಸೌಲಭ್ಯ ಇದೆ. ಹಂತ 1ರಲ್ಲಿ ಗೆರೆ ಬಿದ್ದ ಪ್ರಶ್ನೆಗಳಿಗೆ ಉತ್ತರ ಬರೆದು ಅಲ್ಲಿ ಉಳಿಸಿ. ಓರೆಗೆರೆ (/) ಒತ್ತಿ ಸಣ್ಣ ಹೆಸರು ಹೊಡೆದರೆ ಪೂರ್ತಿ ಉತ್ತರ ಬರುತ್ತದೆ. ದಾರಿ ಹೇಳುವ ಉತ್ತರವನ್ನು ಮೊದಲು ಮಾಡಿಕೊಳ್ಳಿ: ಬೆಂಗಳೂರು ಕಡೆಯಿಂದ ಹಾಸನ ಮಾರ್ಗ, ರೈಲಿನಲ್ಲಿ ಬರುವವರಿಗೆ ಕಡೂರು, ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿ.ಮೀ. ಮುಳ್ಳಯ್ಯನಗಿರಿ ಕಡೆ ವಾಹನ ಬಿಡುವ ನಿಯಮ ಆಗಾಗ ಬದಲಾಗುವುದರಿಂದ ಅದನ್ನು ಅಚ್ಚಿನೊಳಗೆ ಸೇರಿಸಬೇಡಿ, ಆಯಾ ದಿನ ವಿಚಾರಿಸಿ ಹೇಳಿ.

## ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಪೋಸ್ಟ್ ಹಾಕಿದ ಮೇಲೂ "ರೇಟ್ ಎಷ್ಟು, ಎಲ್ಲಿ ಬರುತ್ತೆ?" ಎಂದೇ ಎಲ್ಲರೂ ಕೇಳುತ್ತಿದ್ದರೆ ಸಂಗತಿ ಸಾಲದು. ಲೈಕ್ ಬರುತ್ತಿದೆ, ಫೋನ್ ಬರುತ್ತಿಲ್ಲ ಎಂದರೆ ಕ್ರಮದ ಖಾನೆ ಮಸುಕಾಗಿದೆ. ಫೋನ್ ಬರುತ್ತಿದೆ, ಮಾತಾಡಿದ ಮೇಲೆ ಹಿಂದೆಗೆಯುತ್ತಿದ್ದಾರೆ ಎಂದರೆ ಅನುಮಾನದ ಭಾಗದಿಂದ ಏನನ್ನೋ ಮುಚ್ಚಿಟ್ಟಿದ್ದೀರಿ. ಮೂರು ಪೋಸ್ಟ್ ಸಾಲಾಗಿ ಪ್ರಶ್ನೆಯಿಂದಲೇ ಶುರುವಾಗಿದ್ದರೆ ಅಚ್ಚು ಹಳಸಿದೆ, ಬೇರೆ ಚೌಕಟ್ಟಿಗೆ ಹೋಗಿ.

ಕಾಫಿಪುಡಿಯವರು ಎರಡು ಕಡೆ ಹುಷಾರಾಗಿರಬೇಕು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಲೇಬಲ್‌ನಲ್ಲಿ ನಮೂದಿಸಬೇಕು. ಪೋಸ್ಟ್‌ನಲ್ಲಿ "ಶುದ್ಧ ಕಾಫಿ" ಎಂದು ಬರೆದು ಪೊಟ್ಟಣದಲ್ಲಿ 70:30 ಇದ್ದರೆ ಅದು ಬರಹದ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್ನೊಂದು, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಮುದ್ರೆಯನ್ನು ಆಸೆಯ ಖಾನೆಗೆ ತುಂಬಬೇಡಿ.

## ಚೌಕಟ್ಟು ಹಾಕಬಾರದ ಜಾಗ

ಗೂಗಲ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು, "ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ" ಎಂದು ಬರೆದಿದ್ದಾರೆ ಎನ್ನಿ. ಅದಕ್ಕೆ ಪಿಎಎಸ್ ಹಾಕಿ ಉತ್ತರಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಉಳಿಸಿದ ಅಚ್ಚಿನಿಂದ "ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ" ಎಂದು ಅಂಟಿಸುವುದು ಇನ್ನೂ ಕೆಟ್ಟದ್ದು. ಆ ದಿನ ಏನಾಯಿತು, ಆಮೇಲೆ ಏನು ಬದಲಿಸಿದಿರಿ ಎಂದು ಎರಡೇ ಸಾಲು ಬರೆಯಿರಿ: "ಆ ರಾತ್ರಿ ಲೈನ್ ಮೇಲೆ ಮರ ಬಿದ್ದಿತ್ತು, ನಮ್ಮ ಯುಪಿಎಸ್ ಮೂರು ಗಂಟೆಗಿಂತ ಹೆಚ್ಚು ಬರಲಿಲ್ಲ. ಈಗ ಜನರೇಟರ್ ಇಟ್ಟಿದ್ದೇವೆ." ಜನರೇಟರ್ ಇನ್ನೂ ಬಂದಿಲ್ಲದಿದ್ದರೆ ಆ ಎರಡನೇ ವಾಕ್ಯ ಬರೆಯಬೇಡಿ, ಬಂದ ಮೇಲೆ ಉತ್ತರವನ್ನು ಎಡಿಟ್ ಮಾಡಿ ಸೇರಿಸಿ.